ಕೊನೆಯಲ್ಲಿ ಉತ್ತರಗಳಿಲ್ಲದ ಪುಸ್ತಕ

ತೀರ್ಥಹಳ್ಳಿ
ಗುರುವಾರ, ೧೯ ಜೂನ್ ೨೦೨೫

ಧೃತಿಯ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಸದ್ಯಕ್ಕೆ ನಮ್ಮಿಬ್ಬರ ನಡುವೆ ಉಳಿದಿರುವುದು ಯಾವ ಸಂಬಂಧವೋ ಆ ಹೆಸರಿನಿಂದಲೇ ಕರೆದಿದ್ದೇನೆ.

ಫೋನಿರುವಾಗ ಪತ್ರ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀವು ಇಪ್ಪತ್ತು ಆಡಿ ಮುಗಿಸಿರುತ್ತೀರಿ. ಕೊನೆಗೆ ನಾನು ಕಿರುಚುತ್ತೇನೆ, ಮಗು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತದೆ, ನೀವು “ನೋಡು, ನಿಂಗೇ ತಲೆ ಸರಿ ಇಲ್ಲ” ಎಂದು ಫೋನ್ ಇಡುತ್ತೀರಿ. ಪತ್ರದ ನಡುವೆ ಬಾಯಿ ಹಾಕಲು ಯಾರಿಂದಲೂ ಆಗುವುದಿಲ್ಲ. ಇದೊಂದು ಸಲ ನಾನು ಶುರು ಮಾಡಿದ ಮಾತನ್ನು ನಾನೇ ಮುಗಿಸುತ್ತೇನೆ.

ನಿಮ್ಮ ದೊಡ್ಡಪ್ಪನ ಮಗ ರಾಜೇಂದ್ರ ನಿನ್ನೆ ಸಂಜೆ ಬಂದು ನೀವು ಕೊಟ್ಟ ಪೊಟ್ಟಣ ತಲುಪಿಸಿದ. “ಅಪ್ಪ ಕಳ್ಸಿದಾರೆ ಪುಟ್ಟಿ” ಅಂದದ್ದೇ ತಡ, ಧೃತಿ ಅಡುಗೆಮನೆಯಿಂದ ಓಡಿ ಬಂದಳು. ಫ್ರಾಕೋ ಗೊಂಬೆಯೋ ಎಂದುಕೊಂಡಿದ್ದಳು. ಕಾಗದ ಬಿಚ್ಚಿದರೆ ನಾಲ್ಕನೇ ತರಗತಿಯ ಲೆಕ್ಕದ ವರ್ಕ್‌ಬುಕ್. ಪುಟಗಳ ಅಂಚಿಗೆಲ್ಲ ಬಣ್ಣಬಣ್ಣದ ಚೀಟಿ. ಒಳಗೆ ನಿಮ್ಮ ಕೈಬರಹ: ‘ಶಿವಮೊಗ್ಗದ ಕಾರ್ಯಕ್ರಮ ನಿಕ್ಕಿಯಾಗಿದೆ. ಚೀಟಿ ಹಚ್ಚಿದ ಪುಟಗಳು ತಯಾರಿರಲಿ. ಭಾನುವಾರ ಕಾರು ತರುತ್ತೇನೆ, ಇಬ್ಬರೂ ಹೊರಟಿರಿ.’ ಮಗು ಹೇಗಿದೆ, ಊಟ ಮಾಡುತ್ತಿದೆಯಾ ಎಂದು ಒಂದು ಸಾಲು ಇಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ನಿಜವಾಗಿಯೂ ಇಲ್ಲ.

ಧೃತಿ ಆ ಪುಸ್ತಕವನ್ನು ಮಂಚದ ಮೇಲೆ ಬೋರಲು ಹಾಕಿದಳು. ಅದರ ಮೇಲೊಂದು ದಿಂಬು ಇಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ತುಂಗಮ್ಮ ಚಿಕ್ಕಮ್ಮ ಬಾಗಿಲ ಹೊರಗೆ ಕೂತು ಕಥೆ ಹೇಳಿ, ಹಾಡು ಹೇಳಿ, ರವೆ ಉಂಡೆಯ ಆಸೆ ತೋರಿಸಿ ಹೊರಗೆ ಕರೆತರಬೇಕಾಯಿತು. ಆರು ವರ್ಷದ ಮಗು, ಅಪ್ಪ ಕಳಿಸಿದ ಪೊಟ್ಟಣ ನೋಡಿ ಬಚ್ಚಲು ಸೇರುತ್ತದೆ ಎಂದರೆ ಅದರ ಅರ್ಥವೇನು ಎಂದು ನೀವೇ ಯೋಚಿಸಿ.

ರಾಜೇಂದ್ರ ಪಾಪ, ಕಾಫಿ ಲೋಟ ಹಿಡಿದುಕೊಂಡು ನೆಲ ನೋಡುತ್ತಾ ಹೇಳಿದ: “ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಮಗಳಿಗೆ ಹೆಸ್ರು ಬಂದಿದ್ದು ನಿಮ್ಗೆ ಸಹಿಸ್ಲಿಲ್ಲ ಅಂತ ಅಣ್ಣ ಹೇಳ್ತಿದ್ರು. ಒಂದ್ ಸಣ್ಣ ಮಾತಿಗೆ ಮನೆ ಬಿಟ್ರಿ ಅಂತ.”

ಸಣ್ಣ ಮಾತು! ಅಲ್ಲಿ ಸಾಗರ ಪೇಟೆಯಲ್ಲಿ ಈ ಕಥೆಯನ್ನು ಇನ್ನೂ ಎಷ್ಟು ಮನೆಗಳಿಗೆ ಹಂಚಿದ್ದೀರೋ. ಹಾಗಾಗಿ ಆ ಸಣ್ಣ ಮಾತನ್ನು ಮೊದಲಿನಿಂದ ಬರೆಯುತ್ತೇನೆ. ‘ನನಗೆ ಗೊತ್ತಿರುವುದನ್ನೇ ಬರೆದಿದ್ದಾಳೆ’ ಎನ್ನಬೇಡಿ. ನಿಮಗೆ ಗೊತ್ತಿದ್ದೂ ಬೇರೆ ಹೇಳುತ್ತಿದ್ದೀರಲ್ಲ, ಅದಕ್ಕೇ ಬರೆಯುವುದು.

ಅವಳಿಗೆ ನಾಲ್ಕೂವರೆ ವರ್ಷ ಇದ್ದಾಗ ನಿಮ್ಮ ಟ್ಯೂಷನ್ ಮಕ್ಕಳು ಹಾಲ್‌ನಲ್ಲಿ ಮಗ್ಗಿ ಒಪ್ಪಿಸುತ್ತಿದ್ದುದನ್ನು ಇವಳು ಮೇಜಿನ ಕೆಳಗೆ ಆಡಿಕೊಂಡೇ ಕಲಿತಳು. ಕಿವಿಗೆ ಬಿದ್ದದ್ದೆಲ್ಲ ಹಲಸಿನ ಮೇಣದ ಹಾಗೆ ಅಂಟಿಕೊಳ್ಳುತ್ತಿತ್ತು. ಮಂತ್ರವಾಗಲಿ, ಟಿವಿ ಜಾಹೀರಾತಾಗಲಿ, ಹದಿನೇಳರ ಮಗ್ಗಿಯಾಗಲಿ ಅವಳಿಗೆ ಎಲ್ಲವೂ ಒಂದೇ, ಎಲ್ಲವೂ ಹಾಡು. ನೀವು ಅದನ್ನು ವಿಡಿಯೋ ಮಾಡಿ ಹಾಕಿದಿರಿ. ಜನ ನೋಡಿದರು. ‘ಲೆಕ್ಕದ ಪುಟ್ಟಿ’ ಎಂಬ ಹೆಸರು ಬಂತು. ಮಾರ್ಕೆಟ್ಟಿನಲ್ಲಿ ನಾನು ಬೀನ್ಸ್ ಆರಿಸುತ್ತಿದ್ದರೆ ಗುರುತಿಲ್ಲದವರು ಬಗ್ಗಿ, ಅವಳ ಗಲ್ಲ ಹಿಡಿದು, “ಹದಿನೇಳೆಂಟ್ಲ ಎಷ್ಟು ಪುಟ್ಟಿ?” ಎನ್ನುವರು. ಅವಳು ಹೇಳುವಳು. ಅವರು ನಗುವರು. ಕೋಲೆಬಸವ ತಲೆ ಆಡಿಸಿದಾಗ ಜನ ನಗುವುದಿಲ್ಲವೇ, ಹಾಗೆ.

ಮಾರ್ಚಿನಲ್ಲಿ ಯುಕೆಜಿ ಮುಗಿಯಿತು. ನೀವು, “ಒಂದ್ನೇ ಕ್ಲಾಸಿಗೆ ಕಳಿಸಿದ್ರೆ ಇವ್ಳು ಹಿಂದಕ್ಕೆ ಹೋಗ್ತಾಳೆ, ಮನೇಲೇ ಕಲಿಸೋಣ” ಅಂದಿರಿ. ಒಪ್ಪಿದೆ. ಯಾಕೆ ಒಪ್ಪಿದೆ ಎಂದು ನೀವು ಕೇಳಲೇ ಇಲ್ಲ. ಶಾಲೆಯಲ್ಲೂ ಟೀಚರುಗಳು ಯಾರಾದರೂ ಬಂದಾಗಲೆಲ್ಲ ಇವಳನ್ನು ಆಫೀಸಿಗೆ ಕರೆಸಿ ಮಗ್ಗಿ ಹೇಳಿಸುತ್ತಿದ್ದರು. ಮನೆಯಲ್ಲಾದರೂ ಮಗು ಮಗುವಿನ ಹಾಗೆ ಇರಲಿ ಎಂದು ಒಪ್ಪಿದೆ. ನಾನೂ ಬಿ.ಎಡ್ ಮಾಡಿದವಳು. ಕನ್ನಡ, ಇಂಗ್ಲಿಷು, ಪರಿಸರ ನಾನು, ಲೆಕ್ಕ ನೀವು ಎಂದು ಮಾತಾಯಿತು. ಅವತ್ತೇ ನಾನು, “ಲೆಕ್ಕಕ್ಕೆ ಒಂದನೇ ಕ್ಲಾಸಿನ ವರ್ಕ್‌ಬುಕ್ಕಿಂದಲೇ ಶುರು ಮಾಡಿ, ಎಷ್ಟು ಬೇಗ ಮುಗಿಸ್ತಾಳೋ ಮುಗಿಸ್ಲಿ” ಅಂದೆ. ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳು ಸಾಲಾಗಿ ಕೂತಿದ್ದರು. ಅವರ ಕಡೆ ತಿರುಗಿ ನೀವು, “ಹಾರೋ ಹಕ್ಕಿಗೆ ಅಂಬೆಗಾಲು ಕಲಿಸು ಅಂತಾರೆ ನಿಮ್ ಮೇಡಂ” ಅಂದಿರಿ. ಮಕ್ಕಳೆಲ್ಲ ನಕ್ಕರು. ನಾನು ಒಳಗೆ ಹೋದೆ. ಮೂರನೇ ತರಗತಿಯ ದಪ್ಪ ಪುಸ್ತಕ ಬಂತು. ಏಕಾಗ್ರತೆ ಕೆಡುತ್ತದೆ ಎಂದು ನಿಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಮಗು ಒಳಗೆ, ನೀವು ಒಳಗೆ, ನಾನು ಹೊರಗೆ.

ಆಮೇಲೆ ಹೊಸನಗರದ ಸನ್ಮಾನ. ಊರಿನವರು ಪ್ರೀತಿಯಿಂದ ಕರೆದಿದ್ದರು, ಅವರ ಮೇಲೆ ನನಗೇನೂ ದೂರಿಲ್ಲ. ಧೃತಿ ಹೊಸ ಲಂಗ ಹಾಕಿಕೊಂಡು ಸ್ಟೂಲಿನ ಮೇಲೆ ನಿಂತು ನೀವು ಕೇಳಿದ್ದಕ್ಕೆಲ್ಲ ಟಕಟಕ ಉತ್ತರ ಹೇಳಿದಳು. ‘ಒಬ್ಬ ರೈತನ ಬಳಿ’ ಎಂದು ನೀವು ಶುರು ಮಾಡಿದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಎದ್ದು ತಟ್ಟಿದೆ, ಸುಳ್ಳು ಹೇಳುವುದಿಲ್ಲ. ಆಗ ವೇದಿಕೆಯ ಮೇಲಿದ್ದ ಹಿರಿಯರು ಮುಕುಂದಯ್ಯನವರು, ಮುದ್ದು ಮಾಡಲಿಕ್ಕೆಂದೇ, ತಟ್ಟೆಯಿಂದ ಒಂದು ಹಿಡಿ ಪೆಪ್ಪರಮೆಂಟು ತೆಗೆದು ಅವಳ ಎರಡೂ ಅಂಗೈಗೆ ಸುರಿದು, “ಎಷ್ಟಿದಾವೆ ಹೇಳು ಮಗಾ, ಹೇಳಿದ್ರೆ ಎಲ್ಲಾ ನಿಂಗೇ” ಅಂದರು.

ಅವಳು ಅಂಗೈ ನೋಡಲಿಲ್ಲ. ನಿಮ್ಮ ಮುಖ ನೋಡಿದಳು.

ನೀವು ನಗುತ್ತಾ ನಿಂತಿದ್ದಿರಿ. ಅವಳು, “ನಲ್ವತ್ತೆಂಟು” ಅಂದಳು. ಹಿಡಿಯಷ್ಟು ಪೆಪ್ಪರಮೆಂಟು, ನಲವತ್ತೆಂಟು! ಯಾರೋ ನಕ್ಕರು. “ಮೂವತ್ತಾರು” ಅಂದಳು. ಇನ್ನಷ್ಟು ಜನ ನಕ್ಕರು. “ನೂರೆರಡು. ಅರವತ್ನಾಲ್ಕು. ಎಪ್ಪತ್ತೈದು...” ನಿಲ್ಲಿಸಲೇ ಇಲ್ಲ. ಯಾವುದೋ ಒಂದು ಸರಿಯಾಗಿ, ಯಾರೋ ಒಬ್ಬರು ಚಪ್ಪಾಳೆ ತಟ್ಟಿ, ಇದು ಮುಗಿದರೆ ಸಾಕು ಎನ್ನುವ ಹಾಗೆ ಒಂದರ ಹಿಂದೊಂದು ಸಂಖ್ಯೆ ಹೇಳುತ್ತಲೇ ಹೋದಳು. ಮಗು ತಮಾಷೆ ಮಾಡುತ್ತಿದೆ ಎಂದುಕೊಂಡು ಸಭೆಯೆಲ್ಲ ನಗುತ್ತಿತ್ತು. ಅಷ್ಟರಲ್ಲಿ ಲಂಗ ಒದ್ದೆಯಾಗಿ ಸ್ಟೂಲಿನಿಂದ ನೀರು ಇಳಿಯಿತು. ಪೆಪ್ಪರಮೆಂಟೆಲ್ಲ ಕೆಳಗೆ ಬಿತ್ತು. ನಾನು ಓಡಿ ಹೋಗಿ ಎತ್ತಿಕೊಂಡೆ. ನೀವು ಮೈಕಿನಲ್ಲಿ, “ಮಗುಗೆ ಬೆಳಿಗ್ಗೆಯಿಂದ ಜ್ವರ” ಅಂದಿರಿ.

ಕಾರಿನಲ್ಲಿ ನಾನು ಅವಳ ಲಂಗ ಬದಲಿಸುತ್ತಿದ್ದರೆ ನೀವು ಮುಂದಿನ ಸೀಟಿನಿಂದ ತಿರುಗದೆಯೇ, “ಮರ್ಯಾದೆ ತೆಗ್ದೆ” ಅಂದಿರಿ. ನನಗಲ್ಲ, ಅವಳಿಗೆ.

ನೀವು ಅವಳಿಗೆ ಯಾವತ್ತೂ ಹೊಡೆದವರಲ್ಲ, ಬೈದವರೂ ಅಲ್ಲ. ಅದನ್ನು ನೀವು ಎಲ್ಲರ ಹತ್ತಿರವೂ ಹೇಳಿಕೊಳ್ಳುತ್ತೀರಿ. ನೀವು ಮಾಡಿದ್ದು ಮಾತು ಬಿಡುವುದು. ಮರುದಿನದಿಂದ ಅವಳೊಂದಿಗೆ ಒಂದು ಅಕ್ಷರ ಆಡಲಿಲ್ಲ. “ಅಪ್ಪಾ” ಎಂದರೆ ಪೇಪರು ನೋಡುವುದು. ತಟ್ಟೆ ತಂದುಕೊಟ್ಟರೆ ತೆಗೆದುಕೊಳ್ಳುವುದು, ಮುಖ ನೋಡದೆ. ಒಂದು ಬೆಳಿಗ್ಗೆ ನಾನು ಹಿತ್ತಲಿನಿಂದ ಬರುವಾಗ ಕಂಡದ್ದನ್ನು ಸಾಯುವವರೆಗೆ ಮರೆಯುವುದಿಲ್ಲ. ನೀವು ಕಂಪ್ಯೂಟರಿನ ಮುಂದೆ ಕೂತಿದ್ದೀರಿ. ಅವಳು ನಿಮ್ಮ ಕುರ್ಚಿಯ ಹಿಂದೆ ಕೈಕಟ್ಟಿ ನಿಂತು ನಿಮ್ಮ ಬೆನ್ನಿಗೆ ಮಗ್ಗಿ ಹೇಳುತ್ತಿದ್ದಾಳೆ. ಹನ್ನೆರಡು ಮುಗಿಸಿದಳು, ಹದಿಮೂರು ಮುಗಿಸಿದಳು, ಹದಿನಾಲ್ಕು. ನೀವು ತಿರುಗಲಿಲ್ಲ. ಹದಿನೈದಕ್ಕೆ ಅವಳ ದನಿ ಒಡೆಯಿತು. ಆಗಲೂ ನೀವು ತಿರುಗಲಿಲ್ಲ.

ಆ ಹೊತ್ತಿಗೆ ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮಧ್ಯಾಹ್ನ ಬ್ಯಾಗಿಗೆ ಬಟ್ಟೆ ತುಂಬಿದೆ. ಹೊಸನಗರಕ್ಕೆ ಹೋಗಿ ಅಲ್ಲಿ ತೀರ್ಥಹಳ್ಳಿ ಬಸ್ಸು ಹಿಡಿದೆವು. ಸನ್ಮಾನ ನಡೆದ ಆ ಸಭಾಭವನ ಕಂಡ ಕೂಡಲೇ ಧೃತಿ ಸೀಟಿನಿಂದ ಜಾರಿ ನನ್ನ ಕಾಲ ಬಳಿ ಕೂತಳು. ಊರು ದಾಟಿತು ಎಂದು ಹೇಳಿದ ಮೇಲೂ ಮೇಲೆ ಏಳಲಿಲ್ಲ.

ಇಷ್ಟು ನಿಮಗೆ ಗೊತ್ತಿರುವುದು. ಇನ್ನು ಇಲ್ಲಿಗೆ ಬಂದ ಮೇಲಿನದು.

ಚಿಕ್ಕಮ್ಮನ ಮನೆ ಸಣ್ಣದು, ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿರುತ್ತದೆ. ಆದರೆ ಇಲ್ಲಿ ಯಾರೂ ಅವಳನ್ನು ಏನೂ ಕೇಳುವುದಿಲ್ಲ. ಒಂದು ದಿನ ಊಟದ ಹೊತ್ತಿಗೆ ಚಿಕ್ಕಮ್ಮ ಎಣ್ಣೆ ಕಾಯಿಸಿಟ್ಟು, “ಪುಟ್ಟಾ, ಡಬ್ಬಿಯಿಂದ ಐದು ಹಪ್ಳ ತಗಂಡ್ ಬಾ” ಅಂದರು. ಹೋದವಳು ಬರಲಿಲ್ಲ. ನೋಡಿದರೆ ಡಬ್ಬಿಯ ಮುಚ್ಚಳ ತೆಗೆದು ನಿಂತಿದ್ದಾಳೆ. “ಅಜ್ಜೀ, ಯಾವ ಲೆಕ್ಕದ ಐದು?” ಎಂದು ಕೇಳಿದಳು.

ಚಿಕ್ಕಮ್ಮ ನನ್ನ ಮುಖ ನೋಡಿದರು. ಊಟವಾದ ಮೇಲೆ ಹುಣಸೆ ಬೀಜ ಹರಡಿ ಆಟದ ಹಾಗೆ ಕೂತೆ. ಒಂದರಿಂದ ನೂರು ಹೇಳು ಅಂದರೆ ಉಸಿರು ಬಿಡದೆ ಹೇಳುತ್ತಾಳೆ. ಆದರೆ ಬೀಜ ಮುಟ್ಟಿ ಎಣಿಸು ಅಂದರೆ ಬಾಯಿ ಓಡುತ್ತದೆ, ಬೆರಳು ಅಲ್ಲೇ ಇರುತ್ತದೆ. ನಾಲ್ಕು ಬೀಜದ ಪಕ್ಕ ಒಂದು ಬೀಜ ಇಟ್ಟರೆ ಎಷ್ಟಾಯಿತು ಎಂಬುದು ಅವಳಿಗೆ ಗೊತ್ತಿಲ್ಲ. ಹದಿನೇಳೆಂಟ್ಲ ನೂರ ಮೂವತ್ತಾರು ಎನ್ನುವ ಮಗುವಿಗೆ ಐದು ಎಂದರೆ ಏನೆಂದು ಗೊತ್ತಿಲ್ಲ.

ಮರುದಿನ ಅವಳನ್ನು ಕರೆದುಕೊಂಡು ಒಂದನೇ ಕ್ಲಾಸಿನ ಲೆಕ್ಕದ ಪುಸ್ತಕ ತರಲು ಹೋದೆ. ಅಂಗಡಿಯ ದುರ್ಗೇಶ್ ಮೂರು ಪುಸ್ತಕ ಮುಂದಿಟ್ಟ. ಒಂದು ಹೊಳೆಯುವ ಕಾಗದದ ಇಂಗ್ಲಿಷ್ ಪುಸ್ತಕ; ಅದರಲ್ಲಿ ಎಣಿಸಲು ಕೊಟ್ಟದ್ದೆಲ್ಲ ಪಿಜ್ಜಾ ತುಂಡು, ಹಿಮದ ಮನೆ. ಇನ್ನೊಂದರಲ್ಲಿ ಪುಟದ ತುಂಬ ಲೆಕ್ಕ, ಮೇಲೆ ಗಡಿಯಾರದ ಚಿತ್ರ, ಎಷ್ಟು ನಿಮಿಷದಲ್ಲಿ ಮುಗಿಸಿದೆ ಎಂದು ಬರೆಯಲು ಜಾಗ. ಅದನ್ನು ನೋಡಿದ ಕೂಡಲೇ ನಿಮ್ಮ ನೆನಪಾಗಿ ಬದಿಗೆ ಸರಿಸಿದೆ. ಮೂರನೆಯದು ತೆಳ್ಳಗಿನ ಕನ್ನಡ ಪುಸ್ತಕ. ಕಪ್ಪು ಬಿಳುಪು ಚಿತ್ರ. ಎಮ್ಮೆ, ಮಾವಿನಕಾಯಿ, ತೆಂಗಿನ ಚಿಪ್ಪು. ಒಂದು ಪುಟಕ್ಕೆ ಮೂರೋ ನಾಲ್ಕೋ ಕೆಲಸ, ಉಳಿದದ್ದೆಲ್ಲ ಮಗು ಗೀಚಲು ಖಾಲಿ ಜಾಗ.

ದುರ್ಗೇಶ್ ಅಷ್ಟರಲ್ಲಿ ಧೃತಿಯ ಮುಖ ಹಿಡಿದು ನೋಡಿ, “ಅಕ್ಕಾ, ಇವ್ಳು ಆ ವಿಡಿಯೋದ್ ಹುಡ್ಗಿ ಅಲ್ವಾ? ಲೆಕ್ಕದ್ ಪುಟ್ಟಿ! ಇವ್ಳಿಗ್ಯಾಕೆ ಒಂದ್ನೇ ಕ್ಲಾಸಿಂದು?” ಅಂದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಧೃತಿ ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. ಸುಳ್ಳು ಹೇಳಬಹುದಿತ್ತು, ಅಕ್ಕನ ಮಗಳಿಗೆ, ಪಕ್ಕದ ಮನೆಯವರಿಗೆ ಎಂದು ಏನಾದರೂ. ನಾನು, “ಇವಳಿಗೇ ಬೇಕು. ಇವಳು ಒಂದನೇ ಕ್ಲಾಸು” ಅಂದೆ. ಸ್ವಲ್ಪ ಜೋರಾಗಿಯೇ ಅಂದೆ ಅನಿಸುತ್ತದೆ.

ಯಾವುದು ಬೇಕು ನೀನೇ ನೋಡು ಎಂದು ಅವಳ ಮುಂದಿಟ್ಟೆ. ಅವಳು ಏನು ಮಾಡಿದಳು ಗೊತ್ತೇ? ಒಂದೂ ಚಿತ್ರ ನೋಡಲಿಲ್ಲ. ಮೂರೂ ಪುಸ್ತಕದ ಕೊನೆಯ ಪುಟ ತೆಗೆದು ನೋಡಿದಳು. ನಾನು ಆರಿಸಿದ್ದನ್ನು ದೂರ ತಳ್ಳಿ, “ಇದು ಬೇಡಮ್ಮ, ಇದ್ರಲ್ಲಿ ಉತ್ರ ಇಲ್ಲ” ಅಂದಳು.

“ಉತ್ತರ ಯಾಕೆ ಪುಟ್ಟಾ? ನಾವೇ ಮಾಡೋಣ.”

“ಬಾಯಿಪಾಠ ಮಾಡಕ್ಕೆ,” ಅಂದಳು. ಆಮೇಲೆ ನಾನು ದಡ್ಡಿ ಎನ್ನುವ ಹಾಗೆ ವಿವರಿಸಿದಳು: “ರೈತ ಅಂದ್ರೆ ನಲ್ವತ್ತೆಂಟು. ಅಂಗಡಿ ಅಂದ್ರೆ ಮೂವತ್ತಾರು. ರೈಲು ಅಂದ್ರೆ ನೂರೆರಡು. ಅಪ್ಪ ಹಿಂದಿನ ಪುಟ ನೋಡಿ ಹೇಳ್ಕೊಡ್ತಾರೆ.” ಹೇಳಿ ಮುಗಿಸಿದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಅಮ್ಮಂಗೆ ಹೇಳ್ಬಾರ್ದು ಅಂತ ಅಪ್ಪ ಹೇಳಿದ್ರು,” ಅಂದಳು.

ಸುಂದರೇಶ್, ಇಷ್ಟು ದಿನ ನಿಮಗೆ ಮಗಳ ಮೇಲಿನ ಅಭಿಮಾನ ಹೆಚ್ಚಾಗಿ ಕಣ್ಣು ಕಟ್ಟಿದೆ ಎಂದುಕೊಂಡಿದ್ದೆ. ಅದಾದರೆ ಕ್ಷಮಿಸಬಹುದಿತ್ತು. ನಿಮಗೆ ಎಲ್ಲವೂ ಕಂಡಿತ್ತು. ಅವಳಿಗೆ ಏನೂ ಅರ್ಥವಾಗುತ್ತಿಲ್ಲ ಎಂದು ನನಗಿಂತ ಮೊದಲು, ಮುಚ್ಚಿದ ಬಾಗಿಲ ಹಿಂದೆ, ನಿಮಗೇ ಗೊತ್ತಾಗಿತ್ತು. ಗೊತ್ತಾದ ದಿನ ನೀವು ಹಿಂದಕ್ಕೆ ಬಂದು ಒಂದನೇ ಕ್ಲಾಸಿನ ಪುಸ್ತಕ ತೆಗೆಯಬಹುದಿತ್ತು. ಬದಲಿಗೆ ರೈತನಿಗೆ ನಲವತ್ತೆಂಟು ಕಟ್ಟಿದಿರಿ, ರೈಲಿಗೆ ನೂರೆರಡು. ಅದನ್ನು ಹೆತ್ತ ತಾಯಿಯಿಂದ ಮುಚ್ಚಿಡಲು ಆರು ವರ್ಷದ ಮಗುವಿಗೆ ಕಲಿಸಿದಿರಿ. ಅಂದು ಆ ಸ್ಟೂಲಿನ ಮೇಲೆ ಅವಳು ಹೇಳಿದ್ದೆಲ್ಲ ನಿಮ್ಮ ಪುಸ್ತಕದ ಕೊನೆಯ ಪುಟದ ಉತ್ತರಗಳು. ಪೆಪ್ಪರಮೆಂಟಿಗೆ ನೀವು ಯಾವ ಸಂಖ್ಯೆಯನ್ನೂ ಕಟ್ಟಿರಲಿಲ್ಲ. ಅದಕ್ಕೆ ಅವಳು ನಿಮ್ಮ ಮುಖ ನೋಡಿದಳು. ಮರ್ಯಾದೆ ತೆಗೆದದ್ದು ಯಾರು, ಯಾರದ್ದು?

ಉತ್ತರ ಇಲ್ಲದ ಆ ತೆಳ್ಳಗಿನ ಪುಸ್ತಕವನ್ನೇ ತಂದೆ. ಅವಳು ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದು ಮೊದಲ ಪುಟ ತೆರೆದೆವು. ಒಂದು ಮರದಲ್ಲಿ ಎಷ್ಟು ಮಾವಿನಕಾಯಿ ಇದೆಯೋ ಬುಟ್ಟಿಯಲ್ಲಿ ಅಷ್ಟು ಕಲ್ಲು ಬರೆ ಎಂದಿತ್ತು. ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತಳು. ಒಂದು ಬರೆದಳು, ಮರ ನೋಡಿದಳು, ಇನ್ನೊಂದು ಬರೆದಳು. ಅಳಿಸಿದಳು. ಕಾಗದ ತೂತಾಗುವಷ್ಟು ಅಳಿಸಿದಳು. ಕೊನೆಗೆ ತಲೆ ಎತ್ತದೆ ಕೇಳಿದಳು:

“ಅಮ್ಮ, ತಪ್ಪಾದ್ರೆ ನೀನು ಎಷ್ಟು ದಿನ ಮಾತಾಡಲ್ಲ?”

ಚಿಕ್ಕಮ್ಮ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು. ನನಗೆ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಮಗುವಿನ ಮುಂದೆ ಅಳಬಾರದು ಎಂದು ತುಟಿ ಕಚ್ಚಿಕೊಂಡು, “ತಪ್ಪಾದ್ರೆ ಇನ್ನೂ ಜಾಸ್ತಿ ಮಾತಾಡ್ತೀನಿ” ಅಂದೆ. ಅವಳು ನಂಬಲಿಲ್ಲ. ಒಂದು ಕಲ್ಲು ಬೇಕೆಂದೇ ಹೆಚ್ಚು ಬರೆದು ನನ್ನನ್ನು ನೋಡಿದಳು, ಪರೀಕ್ಷೆಗೆ. ನಾನು ಮಾತಾಡಿದೆ. ಬಾಯಿಗೆ ಬಂದದ್ದೆಲ್ಲ ಮಾತಾಡಿದೆ, ಮಾವಿನಕಾಯಿ ಉಪ್ಪಿನಕಾಯಿ ಎಲ್ಲ. ಅವತ್ತಿನಿಂದ ಅವಳು ದಿನಕ್ಕೊಂದಾದರೂ ತಪ್ಪು ಮಾಡಿ ನನ್ನ ಮುಖ ನೋಡುತ್ತಾಳೆ. ಈ ವಾರ ಸ್ವಲ್ಪ ಕಡಿಮೆಯಾಗಿದೆ. ನಿನ್ನೆ ಬೆಳಿಗ್ಗೆ ತಾನೇ ಹಪ್ಪಳದ ಡಬ್ಬಿ ತೆಗೆದು, ಒಂದೊಂದನ್ನೇ ನೆಲದ ಮೇಲೆ ಇಟ್ಟು, “ಅಜ್ಜೀ, ಇದೇ ಐದು!” ಎಂದು ಕೂಗಿದಳು. ಹೊಸ ಊರು ಕಂಡವರ ಹಾಗೆ ಕೂಗಿದಳು. ಸಂಜೆ ನಿಮ್ಮ ಪೊಟ್ಟಣ ಬಂತು.

ಈಗ ನಾನು ಹೇಳಬೇಕಾದ್ದು.

ನಿಮ್ಮ ನಾಲ್ಕನೇ ತರಗತಿಯ ಪುಸ್ತಕವನ್ನು ರಾಜೇಂದ್ರನ ಕೈಯಲ್ಲೇ ವಾಪಸು ಕಳಿಸುತ್ತಿದ್ದೇನೆ. ಶಿವಮೊಗ್ಗದವರಿಗೆ ಇವತ್ತು ಬೆಳಿಗ್ಗೆ ನಾನೇ ಫೋನ್ ಮಾಡಿ, ಮಗು ಬರುವುದಿಲ್ಲ, ಅವಳು ಇನ್ನೂ ಒಂದನೇ ಕ್ಲಾಸಿನ ಮೊದಲ ಪಾಠದಲ್ಲಿದ್ದಾಳೆ ಎಂದು ಹೇಳಿದೆ. ಆ ಕಡೆಯವರು, “ಹಾಗಾದ್ರೆ ವಿಡಿಯೋದಲ್ಲಿ ಇರೋದು?” ಅಂದರು. ಅದನ್ನು ಅವಳ ಅಪ್ಪನನ್ನೇ ಕೇಳಿ ಅಂದೆ. ಕೇಳುತ್ತಾರೆ, ಉತ್ತರ ತಯಾರು ಮಾಡಿಟ್ಟುಕೊಳ್ಳಿ. ಅದು ಯಾವ ಪುಸ್ತಕದ ಹಿಂದೆಯೂ ಸಿಗುವುದಿಲ್ಲ.

ನಾವು ಭಾನುವಾರ ಹೊರಡುವುದಿಲ್ಲ. ಈ ವರ್ಷ ಅವಳು ಇಲ್ಲೇ, ನನ್ನ ಹತ್ತಿರ, ಈ ತೆಳ್ಳಗಿನ ಪುಸ್ತಕ ಮುಗಿಸುತ್ತಾಳೆ. ಎಷ್ಟು ತಿಂಗಳು ಬೇಕೋ ಬೇಕಾಗಲಿ. ಕೋರ್ಟಿಗೆ ಹೋಗುತ್ತೇನೆ, ಹಿರಿಯರನ್ನು ಕೂರಿಸುತ್ತೇನೆ ಎಂದು ರಾಜೇಂದ್ರನ ಹತ್ತಿರ ಅಂದಿದ್ದೀರಂತೆ. ಕೂರಿಸಿ. ಹಿರಿಯರ ಮುಂದೆ ಹುಣಸೆ ಬೀಜ ಹರಡುತ್ತೇನೆ.

ನೀವು ಕೆಟ್ಟ ಮೇಷ್ಟ್ರಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ, ಎರಡು ಸಲ ಫೇಲಾದ ಹುಡುಗನೊಬ್ಬನ ಪಕ್ಕ ನೀವು ನೆಲದ ಮೇಲೆ ಕೂತು ಬೆಂಕಿಕಡ್ಡಿ ಜೋಡಿಸಿ ಭಿನ್ನರಾಶಿ ಹೇಳಿಕೊಡುತ್ತಿದ್ದುದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದ್ದೇನೆ. ಅವನು ತಪ್ಪು ಮಾಡಿದಾಗಲೆಲ್ಲ, “ಹಾಂ, ಈಗ ಸಿಕ್ತು ನೋಡು, ಎಲ್ಲಿ ಎಡವ್ತೀಯ ಅಂತ” ಎಂದು ಬೆನ್ನು ತಟ್ಟುತ್ತಿದ್ದಿರಿ. ಊರಿನ ಮಕ್ಕಳಿಗೆಲ್ಲ ಸಿಕ್ಕ ಆ ಮೇಷ್ಟ್ರು ನನ್ನ ಮಗಳಿಗೆ ಮಾತ್ರ ಯಾಕೆ ಸಿಗಲಿಲ್ಲ? ಈ ಒಂದು ಪ್ರಶ್ನೆಗೆ ನನಗೆ ಎಷ್ಟು ಯೋಚಿಸಿದರೂ ಉತ್ತರ ಹೊಳೆದಿಲ್ಲ.

ಅವಳು ನಿಮ್ಮನ್ನು ಕೇಳುತ್ತಾಳೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದರೆ ನೀವು ಅದನ್ನೇ ಹಿಡಿದು ಎಳೆಯುತ್ತೀರಿ ಎಂಬ ಭಯ. ಆದರೂ ಬರೆದಿದ್ದೇನೆ, ಮುಚ್ಚಿಡುವ ಕೆಲಸ ನನಗೆ ಬೇಡ. “ಅಪ್ಪಂಗೆ ಸಿಟ್ಟು ಹೋಯ್ತಾ?” ಎಂದು ಕೇಳುತ್ತಾಳೆ. ಸಿಟ್ಟು ನನಗೆ ಎಂದು ಅವಳಿಗೆ ಹೇಗೆ ಹೇಳಲಿ? ನೀವು ಬರುವುದಾದರೆ ಬನ್ನಿ. ಕಾರು ಬೇಡ, ಕರೆದೊಯ್ಯುವ ಮಾತು ಬೇಡ, ಕೈಯಲ್ಲಿ ಫೋನು ಬೇಡ. ಬಂದು ನೆಲದ ಮೇಲೆ ಕೂತು ಅವಳೊಂದಿಗೆ ಮಾತಾಡಿ. ಲೆಕ್ಕದ ಮಾತಲ್ಲ, ಬರಿ ಮಾತು. ಅದು ಆಗುವುದಿಲ್ಲ ಎಂದರೆ ಸಾಗರದಲ್ಲೇ ಇರಿ.

ರಾಜೇಂದ್ರ ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತಾನೆ. ಅವನ ಮೇಲೆ ರೇಗಬೇಡಿ, ಅವನು ಬರಿ ಹೊತ್ತು ತಂದವನು.

ಇಂತಿ,
ಧೃತಿಯ ಅಮ್ಮ
ಮಂಗಳಗೌರಿ

ಮತ್ತೆ: ಓದಿ ಮುಗಿಸಿದ ಕೂಡಲೇ ನೀವು ಅವಳ ವಿಡಿಯೋಗಳ ಚಾನೆಲ್ ತೆಗೆದು ನೋಡುತ್ತೀರಿ. ಅದು ಇರುವುದಿಲ್ಲ. ಶುರು ಮಾಡಿದ ದಿನ ನಿಮ್ಮ ಫೋನು ಕೆಟ್ಟಿತ್ತು, ನನ್ನ ಹೆಸರಿನಲ್ಲಿ ತೆರೆದಿದ್ದಿರಿ, ನೀವು ಮರೆತಿದ್ದೀರಿ. ರಾಜೇಂದ್ರ ಬಸ್ಸು ಹತ್ತಿದ ಮೇಲೆ ಎಲ್ಲವನ್ನೂ ಅಳಿಸುತ್ತೇನೆ. ನನ್ನ ಫೋನಿನಲ್ಲಿ ನೀವು ಎಲ್ಲಿಯೂ ಹಾಕದೆ ಬಿಟ್ಟ ಒಂದು ತುಣುಕಿದೆ. ನಿಮ್ಮ ತೊಡೆಯ ಮೇಲೆ ಕೂತು ನಾಲ್ಕರ ಮಗ್ಗಿ ಹೇಳುತ್ತಾ ನಡುವೆ ಮರೆತು, “ನಾಲ್ಕೈದ್ಲ... ದೋಸೆ!” ಅನ್ನುತ್ತಾಳೆ. ನೀವು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತೀರಿ, ಅವಳೂ ನಗುತ್ತಾಳೆ. ಅದೊಂದನ್ನು ಇಟ್ಟುಕೊಂಡಿದ್ದೇನೆ.